ಸ್ಪ್ರಿಂಗ್ ಬೂಟ್: ಒಂದನ್ನೊಂದು ಕೇಳುವ ಕ್ಲಾಸ್‌ಗಳನ್ನು ಬಿಡಿಸುವುದು ಹೇಗೆ?

ಪ್ರಶ್ನೆ: ನಮ್ಮ ಮಾರಾಟದ ಅಪ್ಲಿಕೇಶನ್ನನ್ನು ಸ್ಪ್ರಿಂಗ್ ಬೂಟ್ (ಜಾವಾ ಅಪ್ಲಿಕೇಶನ್ ಕಟ್ಟುವ ಚೌಕಟ್ಟು) 2.5ರಿಂದ 2.7ಕ್ಕೆ ಏರಿಸಿದ ಮೇಲೆ ಅದು ಶುರುವಾಗುತ್ತಲೇ ಇಲ್ಲ. ಆರ್ಡರ್‌ಸರ್ವಿಸ್ ಮತ್ತು ಇನ್‌ವಾಯ್ಸ್‌ಸರ್ವಿಸ್ ಒಂದನ್ನೊಂದು ಕೇಳುತ್ತಿವೆ ಎಂಬ ಎರರ್ ಬರುತ್ತಿದೆ. ಎರಡರಲ್ಲೂ ಫೀಲ್ಡ್ ಮೇಲೆ ಆಟೋವೈರ್ಡ್ (ಬೇಕಾದ ಆಬ್ಜೆಕ್ಟನ್ನು ಸ್ಪ್ರಿಂಗೇ ತಂದುಕೊಡಲಿ ಎಂಬ ಗುರುತು) ಇದೆ. ಇಷ್ಟು ದಿನ ಸರಿಯಾಗಿಯೇ ಓಡುತ್ತಿತ್ತಲ್ಲ?
– ಓದುಗರು, ಹುಬ್ಬಳ್ಳಿ

ಉತ್ತರ: ತೊಡಕು ಮೊದಲೂ ಇತ್ತು, ಸ್ಪ್ರಿಂಗ್ ಅದನ್ನು ಮುಚ್ಚಿಡುತ್ತಿತ್ತು. ಫೀಲ್ಡ್ ಇಂಜೆಕ್ಷನ್ ಇದ್ದಾಗ, ಎಂದರೆ ಬೇಕಾದದ್ದನ್ನು ನೇರವಾಗಿ ಫೀಲ್ಡ್‌ಗೆ ತುಂಬಿಸುವಾಗ, ಕಂಟೇನರ್ (ಆಬ್ಜೆಕ್ಟ್‌ಗಳನ್ನು ಕಟ್ಟಿ ಜೋಡಿಸುವ ಸ್ಪ್ರಿಂಗ್‌ನ ಭಾಗ) ಮೊದಲು ಆಬ್ಜೆಕ್ಟ್ ಕಟ್ಟಿ, ಫೀಲ್ಡ್‌ಗಳು ತುಂಬುವ ಮುಂಚೆಯೇ ಅದನ್ನು ಇನ್ನೊಂದು ಕ್ಲಾಸಿಗೆ ಕೊಡಬಲ್ಲದು. 2021ರಲ್ಲಿ ಬಂದ 2.6ರಿಂದ ಇದಕ್ಕೆ ತಡೆ ಹಾಕಿದ್ದಾರೆ.

ಸ್ಪ್ರಿಂಗ್.ಮೇನ್.ಅಲೋ-ಸರ್ಕ್ಯುಲರ್-ರೆಫರೆನ್ಸಸ್ ಅನ್ನು ಟ್ರೂ ಮಾಡಿದರೆ ಅಪ್ಲಿಕೇಶನ್ ಏಳುತ್ತದೆ. ನಾಳೆಯೇ ರಿಲೀಸ್ ಇದ್ದರೆ ಮಾಡಿ, ಆದರೆ ಅಲ್ಲಿಗೇ ಬಿಡಬೇಡಿ. ಎರಡೂ ಕ್ಲಾಸ್‌ಗಳನ್ನು ಕನ್‌ಸ್ಟ್ರಕ್ಟರ್ ಇಂಜೆಕ್ಷನ್‌ಗೆ (ಆಬ್ಜೆಕ್ಟ್ ಕಟ್ಟುವಾಗಲೇ ಬೇಕಾದದ್ದನ್ನು ಕೊಡುವ ಕ್ರಮ) ಬದಲಾಯಿಸಿದರೆ ಈ ಸೆಟ್ಟಿಂಗ್ ನೆರವಿಗೆ ಬರುವುದಿಲ್ಲ: ಒಂದನ್ನು ಕಟ್ಟಲು ಇನ್ನೊಂದು ಬೇಕು, ಹಾಗಾಗಿ ಎರಡೂ ಹುಟ್ಟುವುದಿಲ್ಲ. ಲೇಜಿ (ಬೇಕಾದಾಗ ಮಾತ್ರ ತಂದುಕೊಡು ಎಂಬ ಗುರುತು) ಹಾಕಿದರೆ ನಡುವೆ ಒಂದು ಪ್ರಾಕ್ಸಿ, ಎಂದರೆ ಬದಲಿ ಆಬ್ಜೆಕ್ಟ್, ಬಂದು ಎರರ್ ಹೋಗುತ್ತದೆ, ಒಂದನ್ನೊಂದು ಕೇಳುವ ಸುತ್ತು ಮಾತ್ರ ಹಾಗೆಯೇ ಉಳಿಯುತ್ತದೆ.

ಇನ್‌ವಾಯ್ಸ್‌ಸರ್ವಿಸ್ ಆರ್ಡರ್‌ಸರ್ವಿಸ್‌ನ ಯಾವ ಮೆಥಡ್‌ಗಳನ್ನು ಕರೆಯುತ್ತದೆ ಎಂದು ಹುಡುಕಿ. ಹೆಚ್ಚಿನ ಕಡೆ ಒಂದೆರಡೇ ಸಿಗುತ್ತವೆ. ಅದು ಆರ್ಡರ್ ವಿವರ ಓದುವುದಷ್ಟೇ ಆಗಿದ್ದರೆ ಆರ್ಡರ್‌ರೀಡರ್ ಎಂಬ ಮೂರನೇ ಕ್ಲಾಸ್ ಮಾಡಿ, ರೆಪಾಸಿಟರಿಯನ್ನು (ಡೇಟಾಬೇಸ್‌ನಿಂದ ಓದಿ ಬರೆಯುವ ಕ್ಲಾಸ್) ಅದಕ್ಕೆ ಕೊಡಿ, ಎರಡೂ ಸರ್ವಿಸ್‌ಗಳು ಅದನ್ನೇ ಬಳಸಲಿ. ಸುತ್ತು ಅಲ್ಲಿಗೆ ಹರಿಯುತ್ತದೆ.

ಆರ್ಡರ್ ಡೇಟಾಬೇಸ್‌ನಲ್ಲಿ ಉಳಿದ ಮೇಲೆ ಬಿಲ್ ಮಾಡಿಸುವುದಕ್ಕಷ್ಟೇ ಆರ್ಡರ್‌ಸರ್ವಿಸ್ ಇನ್‌ವಾಯ್ಸ್ ಕಡೆಗೆ ಹೋಗುತ್ತಿದ್ದರೆ, ಇವೆಂಟ್ (‘ಇದು ಆಯಿತು’ ಎಂಬ ಸೂಚನೆ) ಕಳಿಸುವುದು ಇನ್ನೂ ಒಳ್ಳೆಯದು. ಅಪ್ಲಿಕೇಶನ್‌ಇವೆಂಟ್‌ಪಬ್ಲಿಷರ್ ಮೂಲಕ ಕಳಿಸಿ, ಇನ್‌ವಾಯ್ಸ್ ಕಡೆ ಟ್ರಾನ್ಸಾಕ್ಷನಲ್‌ಇವೆಂಟ್‌ಲಿಸನರ್ ಹಾಕಿ; ಆ ಸೂಚನೆಯನ್ನು ಕೇಳಿಸಿಕೊಂಡು ಕೆಲಸ ಮಾಡುವುದು ಅದೇ. ಇಲ್ಲಿ ಎರಡು ಕಡೆ ಎಡವುತ್ತಾರೆ. ಕಳಿಸುವ ಹೊತ್ತಿಗೆ ಟ್ರಾನ್ಸಾಕ್ಷನ್ (ಡೇಟಾಬೇಸ್ ಬದಲಾವಣೆಗಳು ಒಟ್ಟಿಗೇ ಉಳಿಯುವ ಇಲ್ಲವೇ ಒಟ್ಟಿಗೇ ರದ್ದಾಗುವ ಗುಂಪು) ಇಲ್ಲದಿದ್ದರೆ ಲಿಸನರ್ ಸದ್ದಿಲ್ಲದೆ ಸುಮ್ಮನಿರುತ್ತದೆ. ಲಾಗ್ ನೋಡಿ ಗಂಟೆಗಟ್ಟಲೆ ತಲೆ ಕೆಡಿಸಿಕೊಂಡರೂ ತಿಳಿಯದ ದೋಷ ಇದು. ಇನ್ನೊಂದು, ಲಿಸನರ್ ಓಡುವುದು ಕಮಿಟ್ ಆದ ನಂತರ, ಎಂದರೆ ಆ ಟ್ರಾನ್ಸಾಕ್ಷನ್ ಖಾಯಂ ಆಗಿ ಮುಗಿದ ಮೇಲೆ. ಅದರೊಳಗೆ ಡೇಟಾಬೇಸ್‌ಗೆ ಬರೆಯುವುದಿದ್ದರೆ ರಿಕ್ವೈರ್ಸ್‌ನ್ಯೂ ಎಂದು ಹೊಸ ಟ್ರಾನ್ಸಾಕ್ಷನ್ ತೆರೆಯಲೇಬೇಕು, ಇಲ್ಲವಾದರೆ ಬರೆದದ್ದು ಉಳಿಯುವುದಿಲ್ಲ. ಬಿಲ್ ತಪ್ಪಿದರೆ ಆರ್ಡರ್ ಕೂಡ ರದ್ದಾಗಬೇಕು ಎಂಬ ನಿಯಮ ನಿಮ್ಮಲ್ಲಿದ್ದರೆ ಈ ದಾರಿ ಬೇಡ.

ಸುತ್ತು ಬಿಡಿಸಿದ ಮೇಲೆ ಫೀಲ್ಡ್‌ಗಳನ್ನು ಫೈನಲ್ ಮಾಡಿ, ಎಲ್ಲವನ್ನೂ ಕನ್‌ಸ್ಟ್ರಕ್ಟರ್‌ಗೆ ತನ್ನಿ. ಸ್ಪ್ರಿಂಗ್ 4.3ರಿಂದ ಈಚೆಗೆ ಕನ್‌ಸ್ಟ್ರಕ್ಟರ್ ಒಂದೇ ಇದ್ದರೆ ಆಟೋವೈರ್ಡ್ ಬರೆಯುವುದೂ ಬೇಕಿಲ್ಲ. ಟೆಸ್ಟ್‌ನಲ್ಲಿ ಕಂಟೇನರ್ ಏಳಿಸದೆ, ನ್ಯೂ ಎಂದು ಬರೆದು ನಕಲಿ ರೆಪಾಸಿಟರಿ ಕೊಟ್ಟರೆ ಸಾಕು.

ಪ್ರಶ್ನೆ: ನಮ್ಮ ಒಂದು ಕ್ಲಾಸಿನ ಕನ್‌ಸ್ಟ್ರಕ್ಟರ್‌ನಲ್ಲಿ 9 ಪ್ಯಾರಾಮೀಟರ್‌ಗಳಾಗಿವೆ. ಫೀಲ್ಡ್ ಇಂಜೆಕ್ಷನ್‌ಗೇ ಮರಳಬಹುದೇ?
– ಓದುಗರು, ಮೈಸೂರು

ಉತ್ತರ: ಬೇಡ. ಫೀಲ್ಡ್‌ಗೆ ಹೋದರೂ ಡಿಪೆಂಡೆನ್ಸಿಗಳು (ಕ್ಲಾಸಿಗೆ ಬೇಕಾಗುವ ಬೇರೆ ಕ್ಲಾಸ್‌ಗಳು) ಒಂಬತ್ತೇ. ಯಾವ ಮೆಥಡ್ ಯಾವುದನ್ನು ಬಳಸುತ್ತದೆ ಎಂದು ಹಾಳೆಯ ಮೇಲೆ ಬರೆಯಿರಿ. ಬೆಲೆ ಲೆಕ್ಕ, ಸ್ಟಾಕ್ ಪರಿಶೀಲನೆ, ಎಸ್‌ಎಂಎಸ್ ಎಂದು ಗುಂಪುಗಳು ಬೇರೆಬೇರೆಯಾಗಿ ಕಾಣುತ್ತವೆ. ಆ ಗೆರೆಗುಂಟ ಕ್ಲಾಸ್ ಒಡೆಯಿರಿ. ಒಂಬತ್ತನ್ನೂ ಒಂದು ಹೋಲ್ಡರ್ ಕ್ಲಾಸಿಗೆ ತುಂಬಿ ಅದನ್ನು ಕೊಡುವುದಾಗಲಿ, ಅಪ್ಲಿಕೇಶನ್‌ಕಾಂಟೆಕ್ಸ್ಟ್ (ಸ್ಪ್ರಿಂಗ್‌ನ ಕಂಟೇನರ್) ಹಿಡಿದುಕೊಂಡು ಬೇಕಾದಾಗ ಅದರಿಂದ ಆಬ್ಜೆಕ್ಟ್ ಕೇಳುವ ಗೆಟ್‌ಬೀನ್ ಕರೆಯುವುದಾಗಲಿ ಮಾಡಬೇಡಿ. ಹಾಗೆ ಮಾಡಿದರೆ ಆ ಕ್ಲಾಸಿಗೆ ನಿಜವಾಗಿ ಏನು ಬೇಕು ಎಂಬುದು ಒಳಗಿನ ಒಂದೊಂದು ಸಾಲನ್ನೂ ಓದದೆ ತಿಳಿಯುವುದಿಲ್ಲ.