ಬಿಪಿ ಜಾಸ್ತಿ ಬಂದರೆ ಮುಂದೇನು?

ಪ್ರಶ್ನೆ: ನಮ್ಮದು ಸುಮಾರು ಇನ್ನೂರು ಜನರ ಕಚೇರಿ. ನೌಕರರ ಸಂಘದಿಂದ ಕಳೆದ ವರ್ಷ ಆರೋಗ್ಯ ಮೇಳ ಮಾಡಿದೆವು. ಬ್ಯಾನರ್, ಭಾಷಣ, ಬಿಪಿ-ಶುಗರ್ ತಪಾಸಣೆ ಎಲ್ಲ ಇತ್ತು. ಬಂದವರು ಮಾತ್ರ ದಿನಾ ಬೆಳಿಗ್ಗೆ ಓಡುವವರೇ. ಯಾರು ಬರಬೇಕಿತ್ತೋ ಅವರು ಆ ಕಡೆ ತಲೆ ಹಾಕಲಿಲ್ಲ. ಈ ಸಲ ಜವಾಬ್ದಾರಿ ನನ್ನ ಹೆಗಲಿಗೆ ಬಿದ್ದಿದೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಕೊನೆಯಿಂದ ಶುರು ಮಾಡಿ. ಯಾರದೋ ಬಿಪಿ 180/120 ಬಂತು ಅಂದುಕೊಳ್ಳಿ. ಅವರನ್ನು ಎಲ್ಲಿಗೆ ಕಳಿಸುತ್ತೀರಿ? ಜೊತೆಗೆ ಹೋಗುವವರು ಯಾರು? ಮುಂದಿನ ವಾರ ಅವರನ್ನು ವಿಚಾರಿಸುವವರು ಯಾರು? ಇದಕ್ಕೆ ಉತ್ತರ ಸಿಗುವ ತನಕ ಬ್ಯಾನರ್ ಬರೆಸಬೇಡಿ. ವಿಶ್ವ ಆರೋಗ್ಯ ಸಂಸ್ಥೆಗಾಗಿ ವಿಲ್ಸನ್ ಮತ್ತು ಯುಂಗ್ನರ್ ಎಂಬ ಇಬ್ಬರು ತಜ್ಞರು 1968ರಲ್ಲೇ ಬರೆದಿಟ್ಟ ಮಾತಿದು: ಮುಂದಿನ ಪರೀಕ್ಷೆಗೆ, ಚಿಕಿತ್ಸೆಗೆ ದಾರಿ ಇದ್ದಲ್ಲಿ ಮಾತ್ರ ತಪಾಸಣೆಗೆ ಅರ್ಥ. ನರ್ಸ್ ಆಗಿದ್ದಾಗ ನಾನು ಕಂಡ ಎಷ್ಟೋ ಶಿಬಿರಗಳಲ್ಲಿ ಚೀಟಿ ಕೈಗಿಟ್ಟು ‘ಡಾಕ್ಟರಿಗೆ ತೋರಿಸಿ’ ಅನ್ನುವಲ್ಲಿಗೆ ಕೆಲಸ ಮುಗಿಯುತ್ತಿತ್ತು. ಆ ಚೀಟಿ ಜೇಬಿನಲ್ಲೇ ಒಗೆದುಹೋಗುತ್ತದೆ.

ಇನ್ನು ಬಿಪಿ ಮೇಜು. ಸಾಮಾನ್ಯವಾಗಿ ಅದನ್ನು ಬಾಗಿಲ ಪಕ್ಕ, ಧ್ವನಿವರ್ಧಕದ ಕೆಳಗೇ ಹಾಕಿರುತ್ತಾರೆ! ಮೆಟ್ಟಿಲು ಹತ್ತಿ ಬಂದವರು ಸಾಲಿನಲ್ಲಿ ನಿಂತು, ಫೋನಿನಲ್ಲಿ ಮಾತಾಡುತ್ತಲೇ ತೋಳು ಚಾಚುತ್ತಾರೆ. ಹಾಗೆ ಬಂದ ಅಂಕಿಯನ್ನು ನಾನಂತೂ ನಂಬುವುದಿಲ್ಲ. ಮೂಲೆಯ ಶಾಂತವಾದ ಜಾಗ ಹುಡುಕಿ. ಬೆನ್ನಿಗೆ ಆಸರೆಯಿರುವ ಏಳೆಂಟು ಕುರ್ಚಿ ಹಾಕಿ, ಐದು ನಿಮಿಷ ಸುಮ್ಮನೆ ಕೂರಿಸಿ. ಪಾದ ನೆಲಕ್ಕೆ ಊರಿರಲಿ, ಕಾಲ ಮೇಲೆ ಕಾಲು ಬೇಡ. ತೋಳು ಮೇಜಿನ ಮೇಲೆ, ಎದೆಯ ಮಟ್ಟಕ್ಕೆ. ಪಟ್ಟಿಯನ್ನು ಬಟ್ಟೆಯ ಮೇಲೆ ಸುತ್ತಬೇಡಿ. ದಪ್ಪ ತೋಳಿನವರಿಗೆ ದೊಡ್ಡ ಪಟ್ಟಿಯೇ ಬೇಕು, ಚಿಕ್ಕದು ಕಟ್ಟಿದರೆ ಬಿಪಿ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಕಾಫಿ, ಸಿಗರೇಟು ಆಗಿ ಅರ್ಧ ಗಂಟೆ ಕಳೆದಿರಬೇಕು, ಮೂತ್ರಕ್ಕೆ ಹೋಗಿ ಬಂದಿರಬೇಕು. ಒಂದು ನಿಮಿಷ ಬಿಟ್ಟು ಎರಡನೇ ಸಲ ನೋಡಿ. ಕುರ್ಚಿಯಲ್ಲಿ ಕಾದಿದ್ದು ಬಿಟ್ಟು ಒಬ್ಬರಿಗೆ ನಾಲ್ಕು ನಿಮಿಷ ಹಿಡಿದರೂ ಒಂದು ಮೇಜಿನಲ್ಲಿ ಗಂಟೆಗೆ 15 ಜನ. ಎಷ್ಟು ಮೇಜು ಬೇಕು ಅಂತ ಈಗಲೇ ಲೆಕ್ಕ ಹಾಕಿಕೊಳ್ಳಿ. 140/90 ದಾಟಿದ ತಕ್ಷಣ ಕಾಯಿಲೆ ಅಂತ ಮುದ್ರೆ ಒತ್ತಬೇಡಿ. ಬೇರೆ ದಿನ ಮತ್ತೆ ನೋಡಿಸಲಿ.

ಶುಗರ್‌ಗೆ ಪ್ರತಿಯೊಬ್ಬರಿಗೂ ಹೊಸ ಸೂಜಿ, ಬಳಸಿದ್ದನ್ನು ಹಾಕಲು ಚುಚ್ಚಿದರೂ ತೂತಾಗದ ಡಬ್ಬಿ. ಇದರಲ್ಲಿ ರಾಜಿ ಇಲ್ಲ. ತೂಕದ ಯಂತ್ರ ಪರದೆಯ ಹಿಂದೆ ಇರಲಿ, ಅಂಕಿಯನ್ನು ಕೂಗಿ ಹೇಳುವ ಉತ್ಸಾಹಿ ಸ್ವಯಂಸೇವಕರನ್ನು ಬೇರೆ ಕೆಲಸಕ್ಕೆ ಹಾಕಿ.

ಬಾರದವರ ವಿಷಯ. ರಾತ್ರಿ ಪಾಳಿಯವರು, ಸ್ವಚ್ಛತಾ ಸಿಬ್ಬಂದಿ, ಕಾವಲುಗಾರರು ಬೆಳಿಗ್ಗೆ ಹನ್ನೊಂದಕ್ಕೆ ಹೇಗೆ ಬಂದಾರು? ಪಾಳಿ ಬದಲಾಗುವ ಹೊತ್ತಿಗೆ ಇಟ್ಟುಕೊಳ್ಳಿ, ಅವರಲ್ಲೇ ಇಬ್ಬರನ್ನು ಸಮಿತಿಗೆ ಸೇರಿಸಿ. ಇನ್ನು ಕೆಲವರಿಗೆ ರಿಪೋರ್ಟು ಮೇಲಿನವರ ಕೈಗೆ ಹೋದೀತೆಂಬ ಅಳುಕು. ಆ ಅಳುಕು ಸುಮ್ಮನೆ ಹುಟ್ಟಿದ್ದಲ್ಲ. ಹೆಸರಿರುವ ಯಾವ ಪಟ್ಟಿಯೂ ಆಡಳಿತಕ್ಕೆ ಹೋಗುವುದಿಲ್ಲ ಅಂತ ಬರವಣಿಗೆಯಲ್ಲಿ ಪಡೆದು, ಆಹ್ವಾನದಲ್ಲೇ ಅಚ್ಚು ಹಾಕಿಸಿ. ಆಮೇಲೆ ಫೋನ್ ಮಾಡಬಹುದೇ ಎಂದು ಪ್ರತಿಯೊಬ್ಬರನ್ನೂ ಕೇಳಿ, ಒಪ್ಪಿದವರ ನಂಬರ್ ಮಾತ್ರ ಬರೆದುಕೊಳ್ಳಿ. ತಿಂಗಳ ಬಳಿಕ ಅವರಲ್ಲಿ ಎಷ್ಟು ಜನ ಡಾಕ್ಟರನ್ನು ಕಂಡರು ಅನ್ನುವುದೇ ನಿಮ್ಮ ವರದಿ. ಗುಂಪು ಫೋಟೋ ಬೇಕಿದ್ದರೆ ತೆಗೆಸಿಕೊಳ್ಳಿ, ಬೇಡ ಅನ್ನಲಾರೆ.

ಪ್ರಶ್ನೆ: ಮಾನಸಿಕ ಆರೋಗ್ಯಕ್ಕೂ ಒಂದು ಸ್ಟಾಲ್ ಇಡೋಣವೇ?

ಉತ್ತರ: ಹಾಲ್ ನಡುವೆ ಬೋರ್ಡು ಹಾಕಿ ಕೂತರೆ ಸಹೋದ್ಯೋಗಿಗಳ ಎದುರು ಯಾರೂ ಬರುವುದಿಲ್ಲ. ಬೇರೆ ಬಾಗಿಲಿರುವ ಕೋಣೆ, ಒಳಗೆ ತರಬೇತಿ ಪಡೆದ ಆಪ್ತಸಮಾಲೋಚಕರು, ಇಷ್ಟಿದ್ದರೆ ಖಂಡಿತ ಇಡಿ. ಇಲ್ಲದಿದ್ದರೆ ಪ್ರಶ್ನಾವಳಿ ಹಂಚುವ ಕೆಲಸಕ್ಕೆ ಕೈ ಹಾಕಬೇಡಿ. ಖಿನ್ನತೆ ಇದೆಯೇ ಎಂದು ತಿಳಿಯಲು ಎಲ್ಲೆಡೆ ಬಳಸುವ ಪಿಎಚ್‌ಕ್ಯೂ-9ರ ಒಂಬತ್ತನೇ ಪ್ರಶ್ನೆ ಸಾಯುವ, ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯ ಬಗ್ಗೆ. ಅಂಥ ಯೋಚನೆ ಸ್ವಲ್ಪವಾದರೂ ಬಂದಿದೆ ಎಂದು ಗುರುತು ಹಾಕಿದವರು ಕೋಣೆಯಿಂದ ಹೊರಡುವ ಮೊದಲೇ ಆ ಹಾಳೆಯನ್ನು ಒಬ್ಬರು ಓದಿ, ಅವರ ಜೊತೆ ಕೂತು ಮಾತಾಡಿರಬೇಕು.