ತಪ್ಪುಕಾಣಿಕೆ ಕಟ್ಟಬೇಡಿ ಎಂದು ಯಾಕೆ ಹೇಳಿದೆ

ದೇವರ ಮುಂದೆ ಕೂತಾಗಲೇ ಬಾಯಲ್ಲಿ ಆಡಬಾರದ ಮಾತು, ಕಣ್ಣಲ್ಲಿ ನೋಡಬಾರದ ಚಿತ್ರ ಮನಸ್ಸಿಗೆ ನುಗ್ಗುತ್ತದೆ ಎಂದು ನರಳುವವರು ಆಪ್ತಸಲಹೆಗೆ ಮತ್ತೆ ಮತ್ತೆ ಬರುತ್ತಾರೆ. ಮೊದಲ ದಿನವೇ ಅದನ್ನು ಹೇಳಿಕೊಳ್ಳುವವರು ಮಾತ್ರ ಅಪರೂಪ. ನಿದ್ದೆ ಇಲ್ಲ, ತಲೆಭಾರ, ಕೆಲಸ ಸಾಗುವುದಿಲ್ಲ ಎಂದು ಶುರುಮಾಡುತ್ತಾರೆ. ಒಳಗಿನದು ಹೊರಬರುವಷ್ಟರಲ್ಲಿ ವರ್ಷಗಳು ಕಳೆದಿರುತ್ತವೆ. ಅದನ್ನು ಅವರು ಕಾಯಿಲೆ ಎಂದುಕೊಂಡಿರುವುದಿಲ್ಲ, ಪಾಪ ಎಂದುಕೊಂಡಿರುತ್ತಾರೆ. ಇದು ಅಂಥ ಒಬ್ಬರ ವಿಷಯ. ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಮಲೆನಾಡಿನ ಕಡೆಯ ಗೃಹಿಣಿ, ನಲವತ್ತರ ಒಳಗಿನ ವಯಸ್ಸು. 20 ನಿಮಿಷದ ಪೂಜೆ ಎರಡೂವರೆ ಗಂಟೆಗೆ ಬಂದು ನಿಂತಿತ್ತು. ಸ್ತೋತ್ರದ ನಡುವೆ ಕೆಟ್ಟ ಮಾತು ಬಂದರೆ ಮೊದಲಿನಿಂದ ಹೇಳಬೇಕು. ನೈವೇದ್ಯ ಇಡುವಾಗ ಬಂದರೆ ಆ ಅನ್ನ ಹಸುವಿಗೆ, ಮತ್ತೆ ಒಲೆ ಹಚ್ಚಬೇಕು. ರಾತ್ರಿ ಮಲಗುವ ಮುಂಚೆ ಅರಿಶಿನದ ಬಟ್ಟೆಯಲ್ಲಿ ಒಂದು ರೂಪಾಯಿ ಕಟ್ಟಿ ತಪ್ಪುಕಾಣಿಕೆ ತೆಗೆದಿಡಬೇಕು. ಇಂಥ ಗಂಟುಗಳು ತುಂಬಿದ ಡಬ್ಬಿ ಗಂಡನ ಕಣ್ಣಿಗೆ ಬಿದ್ದ ಮೇಲೆಯೇ ಅವರನ್ನು ಕರೆತಂದದ್ದು. ಗೀಳು ಎಷ್ಟು ತೀವ್ರ ಎಂದು ಅಳೆಯುವ ಯೇಲ್–ಬ್ರೌನ್ ಮಾಪಕದಲ್ಲಿ 40ಕ್ಕೆ 27 ಬಂತು. 24ರಿಂದ 31ರವರೆಗಿನದನ್ನು ತೀವ್ರ ಎಂದೇ ಎಣಿಸುತ್ತಾರೆ. ಇದು ಗೀಳು ಕಾಯಿಲೆ, ಒಸಿಡಿ. ವಿಷಯ ದೇವರದ್ದು ಅನ್ನುವುದೊಂದೇ ವ್ಯತ್ಯಾಸ.

ಮೂರನೆಯ ಭೇಟಿಯಲ್ಲಿ ಅವರನ್ನು ಒಂದೇ ವಿಷಯ ಕೇಳುತ್ತಾ ಹೋದೆ. ಕಾಣಿಕೆ ಕಟ್ಟಿದ ಮೇಲೆ ಸಮಾಧಾನ ಆಗುತ್ತದಾ?

"ಆಗುತ್ತೆ ಮೇಡಂ."

ಎಷ್ಟು ಹೊತ್ತು ಇರುತ್ತದೆ?

"ಮೊದಮೊದಲು ಒಂದು ವಾರ ಇರ್ತಿತ್ತು. ಆಮೇಲೆ ಮಾರನೇ ದಿನದವರೆಗೆ. ಈಗ ಗಂಟು ಹಾಕಿ ಕೈ ತೆಗೆಯೋದ್ರೊಳಗೆ, ಶುದ್ಧ ಮನಸ್ಸಿಂದ ಕಟ್ಟಿದ್ನೋ ಇಲ್ವೋ ಅಂತ ಶುರುವಾಗುತ್ತೆ. ಬಿಚ್ಚಿ ಇನ್ನೊಂದ್ಸಲ ಕಟ್ತೀನಿ."

ಎರಡೂವರೆ ಗಂಟೆ ದೇವರ ಮುಂದೆ ಇರುತ್ತೀರಿ. ಅದರಲ್ಲಿ ದೇವರನ್ನು ನೋಡುವುದು ಎಷ್ಟು ಹೊತ್ತು?

ಅವರು ತುಂಬಾ ಹೊತ್ತು ಸುಮ್ಮನಿದ್ದರು. "ನೋಡೋದೇ ಇಲ್ಲ ಮೇಡಂ. ಅದು ಬಂತಾ, ಈಗ ಬಂತಾ ಅಂತ ಕಾಯ್ತಾ ಕೂತಿರ್ತೀನಿ. ನಾನು ಪೂಜೆ ಮಾಡ್ತಿರೋದು ಆ ಕೆಟ್ಟ ಮಾತಿಗೇ."

ಅಲ್ಲಿಂದ ಮುಂದಿನ ಚಿಕಿತ್ಸೆಯೆಲ್ಲ ನಿಂತದ್ದು ಅವರೇ ಆಡಿದ ಈ ಮಾತಿನ ಮೇಲೆ. ಆದರೆ ಹಿಂದೆಯೇ ಇನ್ನೊಂದು ಬೇಡಿಕೆ ಬಂತು: "ಇದು ಪಾಪ ಅಲ್ಲ ಅಂತ ನೀವೊಂದು ಮಾತು ಹೇಳಿಬಿಡಿ, ಸಾಕು." ನಾನು ಹೇಳಲಿಲ್ಲ. ಗಂಡನಿಗೆ ಬೇಸರವಾಯಿತು. ಅಷ್ಟು ಹೇಳುವುದಕ್ಕೆ ಕಷ್ಟವೇನು ಮೇಡಂ ಎಂದರು. ಓದುವವರಿಗೂ ಇದು ಕಠಿಣ ಅನ್ನಿಸಬಹುದು, ಹಾಗಾಗಿ ಬಿಡಿಸಿ ಹೇಳುತ್ತೇನೆ.

ಅಸಂಬದ್ಧ, ಅಸಹ್ಯ ಯೋಚನೆಗಳು ಬಹುತೇಕ ಎಲ್ಲರ ತಲೆಯಲ್ಲೂ ಹಾದುಹೋಗುತ್ತವೆ. 1978ರಲ್ಲಿ ರಾಕ್‌ಮನ್ ಮತ್ತು ಡಿ ಸಿಲ್ವಾ ಎಂಬ ಮನಶ್ಶಾಸ್ತ್ರಜ್ಞರು ಆರೋಗ್ಯವಂತರನ್ನು ಕೇಳಿನೋಡಿದಾಗ, ಹೆಚ್ಚಿನವರು ಇಂಥ ಯೋಚನೆ ಬರುತ್ತದೆ ಎಂದೇ ಒಪ್ಪಿಕೊಂಡರು. ಬಹುಪಾಲು ಜನ ಅದನ್ನು ಬಂದ ದಾರಿಯಲ್ಲೇ ಬಿಟ್ಟುಬಿಡುತ್ತಾರೆ. ಭಯಭಕ್ತಿ ಇರುವವರು, ತಪ್ಪಾಗಬಾರದು ಎಂಬ ಎಚ್ಚರದವರು ಅದನ್ನೇ ಹಿಡಿದು ನಿಲ್ಲಿಸುತ್ತಾರೆ. ಈ ಸಂಗತಿಯನ್ನು ಒಮ್ಮೆ ತಿಳಿಸುವುದು ನನ್ನ ಕರ್ತವ್ಯ, ತಿಳಿಸಿದ್ದೆ ಕೂಡ. ಆದರೆ ಭಯ ಎದ್ದಾಗಲೆಲ್ಲ "ಪಾಪ ಅಲ್ಲ" ಎಂದು ನನ್ನಿಂದ ಹೇಳಿಸಿಕೊಂಡರೆ ನನ್ನ ಮಾತೇ ಇನ್ನೊಂದು ತಪ್ಪುಕಾಣಿಕೆಯಾಗುತ್ತದೆ. ಕಜ್ಜಿಯನ್ನು ಕೆರೆದಾಗ ಹಿತವೆನಿಸಿದರೂ ತುರಿಕೆ ಹೆಚ್ಚುವ ಹಾಗೆ, ಸಿಕ್ಕ ಪ್ರತಿ ಸಮಾಧಾನವೂ ಮುಂದಿನ ಭಯಕ್ಕೆ ದಾರಿ ಮಾಡುತ್ತದೆ. ಹಾಗಾಗಿ ಕೊಟ್ಟ ಸಲಹೆ ಇಷ್ಟೇ: ಯೋಚನೆ ಬರಲಿ, ಓಡಿಸಬೇಡಿ. ಪರಿಹಾರ ಮಾಡಬೇಡಿ. ತಪ್ಪುಕಾಣಿಕೆ ಕಟ್ಟಬೇಡಿ.

ದೇವರನ್ನು ಬಿಡಿ ಎಂದು ಹೇಳಲಿಲ್ಲ, ಹೇಳುವುದೂ ಇಲ್ಲ. ಧೈರ್ಯ ಬರಲೆಂದು ವಿಗ್ರಹದ ಮುಂದೆ ಬೈಗುಳ ಆಡಿಸುವುದನ್ನು ನಾನು ಒಪ್ಪುವವಳಲ್ಲ. ನಂಬಿಕೆ ಇರುವವರಿಗೆ ಅದು ಅವಮಾನ, ಚಿಕಿತ್ಸೆಗೆ ಅದು ಬೇಕಾಗಿಯೂ ಇಲ್ಲ. ಅದೇ ಮನೆಯಲ್ಲಿ ಅತ್ತೆ 20 ನಿಮಿಷದಲ್ಲಿ ಪೂಜೆ ಮುಗಿಸಿ ಕಾಫಿ ಕುಡಿಯಲು ಏಳುತ್ತಿದ್ದರು. ಆ ಪೂಜೆಯನ್ನೇ ಅಳತೆಯಾಗಿ ಇಟ್ಟುಕೊಂಡೆವು.

ಮೊದಲ ವಾರ ಬರೀ ಲೆಕ್ಕ: ಯಾವ ಹೊತ್ತು, ಏನು ಬಂತು, ಅದಕ್ಕೆ ಏನು ಮಾಡಿದಿರಿ, ಎಷ್ಟು ಸಲ. ಆಮೇಲೆ ಭಯಕ್ಕೆ 0ಯಿಂದ 100ರವರೆಗೆ ಅಂಕ ಕೊಟ್ಟು ಮೆಟ್ಟಿಲು ಮಾಡಿದೆವು. ಕ್ಯಾಲೆಂಡರಿನ ದೇವರಪಟದ ಮುಂದೆ ಕಣ್ಣಿಗೆ ಕೈ ಒತ್ತಿಕೊಳ್ಳದೆ ಹಾದುಹೋಗುವುದು 25. ಸ್ತೋತ್ರದಲ್ಲಿ ಒಂದು ಅಕ್ಷರ ತಪ್ಪಿದರೂ ಮುಂದುವರಿಯುವುದು 40. ಕೆಟ್ಟ ಮಾತು ತಲೆಯಲ್ಲಿ ಇರುವಾಗಲೇ ಮಂಗಳಾರತಿ ಮಾಡಿ ಮುಗಿಸುವುದು 65. ಅದೇ ಹೊತ್ತಿಗೆ ಇಟ್ಟ ನೈವೇದ್ಯವನ್ನು ಮನೆಯವರಿಗೆ ಬಡಿಸುವುದು 75. ಕಾಣಿಕೆ ಕಟ್ಟದೆ ಮಲಗುವುದು 90. ಕೆಳಗಿನಿಂದ ಒಂದೊಂದೇ ಮೆಟ್ಟಿಲು, ದಿನಾ 30–45 ನಿಮಿಷ, ಐದು ನಿಮಿಷಕ್ಕೊಮ್ಮೆ ಅಂಕ ಬರೆಯುವುದು. ಭಯ ಮೊದಲು ಏರುತ್ತದೆ, ಪರಿಹಾರ ಮಾಡದೆ ಕೂತರೆ ತಾನಾಗಿ ಇಳಿಯುತ್ತದೆ. ಒಂದು ದಿನ ಇಳಿಯದಿದ್ದರೂ ನಷ್ಟವಿಲ್ಲ. ಪರಿಹಾರ ಮಾಡದೆ ಉಳಿದದ್ದೇ ಅಭ್ಯಾಸ. ಆ ಮೆಟ್ಟಿಲಿನ ಅಂಕ ಅರ್ಧಕ್ಕೆ ಬಂದ ಮೇಲೆ ಮುಂದಿನದಕ್ಕೆ ಹತ್ತಿದರೆ ಸಾಕು.

ಎಡವಟ್ಟಾಗುವ ಜಾಗಗಳೂ ಗೊತ್ತಿರಲಿ. ಕೈಯಲ್ಲಿ ಗಂಟು ಕಟ್ಟುವುದು ನಿಂತು ಮನಸ್ಸಿನಲ್ಲೇ "ರಾಮ ರಾಮ" ಶುರುವಾಗುತ್ತದೆ. ಹೊರಗೆ ಕಾಣದ್ದರಿಂದ ಎಲ್ಲರೂ ಗುಣವಾಯಿತು ಎಂದುಕೊಳ್ಳುತ್ತಾರೆ, ಗೀಳು ಹಾಗೇ ಇರುತ್ತದೆ. ಇವರಲ್ಲೂ ಹಾಗೇ ಆಯಿತು. ಭಕ್ತಿಯಿಂದ ನಾಮ ಹೇಳುವುದು ಬೇರೆ, ಕೆಟ್ಟ ಮಾತನ್ನು ಅಳಿಸಲು ಹೇಳುವುದು ಬೇರೆ. ಎರಡನೆಯದು ಶುರುವಾದರೆ ಆ ಕೆಟ್ಟ ಮಾತನ್ನು ಮತ್ತೊಮ್ಮೆ ಬೇಕೆಂದೇ ನೆನೆದು ಅಭ್ಯಾಸ ಮುಂದುವರಿಸಬೇಕು. ಇನ್ನು ಇದು ಪಾಪವೇ ಎಂದು ಅರ್ಚಕರನ್ನು ಕೇಳುವ ವಿಷಯ. ಒಮ್ಮೆ ಕೇಳಬಹುದು, ನಮ್ಮ ಜೊತೆಯಲ್ಲೇ, ಒಂದೇ ಉತ್ತರ. ಮರುವಾರ ಇನ್ನೊಬ್ಬರನ್ನು ಕೇಳುವ ಹಾಗಿಲ್ಲ. ಮನೆಯವರಿಗೆ ಬರೆದುಕೊಟ್ಟ ವಾಕ್ಯ ಇದು: "ಇದು ಗೀಳಿನ ಪ್ರಶ್ನೆ, ನಾನು ಉತ್ತರ ಕೊಡಲ್ಲ. ನಿನ್ನ ಜೊತೆ ಕೂತಿರ್ತೀನಿ." ಗಂಡನಿಗೆ ಮೊದಲರ್ಧ ಸುಲಭವಾಗಿ ಬಂತು. ಎರಡನೆಯದನ್ನು ಕಲಿಯಲು ಹೊತ್ತು ಬೇಕಾಯಿತು, ನಿಜವಾಗಿ ಬೇಕಿದ್ದದ್ದು ಅದೇ.

ಮಾತ್ರೆ ಮನೋವೈದ್ಯರದ್ದು. ಗೀಳಿಗೆ ಸರ್ಟ್ರಾಲಿನ್, ಫ್ಲುಆಕ್ಸೆಟಿನ್‌ನಂಥ ಔಷಧಿಗಳ ಪ್ರಮಾಣ ಖಿನ್ನತೆಗಿಂತ ಹೆಚ್ಚು ಬೇಕಾಗುವುದುಂಟು, ಪೂರ್ತಿ ಪರಿಣಾಮ ಕಾಣಲು 8ರಿಂದ 12 ವಾರ ಹಿಡಿಯುತ್ತದೆ. ತಿಂಗಳಿಗೇ "ಕೆಲಸ ಮಾಡಲಿಲ್ಲ" ಎಂದು ಬಿಡುವವರಿದ್ದಾರೆ.

ಬಾಲ್ಯದ ಮಾತೂ ಬಂತು. ಎಂಟನೇ ವಯಸ್ಸಿನಲ್ಲಿ ಚೌತಿಯ ದಿನ ನೈವೇದ್ಯಕ್ಕೆ ಮುಂಚೆ ಒಂದು ಕಡುಬು ತಿಂದಿದ್ದರಂತೆ. ಆ ವಾರವೇ ಮೂರು ವರ್ಷದ ತಮ್ಮನಿಗೆ ಜ್ವರ ಏರಿ ಫಿಟ್ಸ್ ಬಂತು. "ನೀನು ಎಂಜಲು ಮಾಡಿದ್ದಕ್ಕೇ" ಎಂದು ಅಜ್ಜಿ ಅಂದಿದ್ದರು. ಆರು ತಿಂಗಳಿನಿಂದ ಐದು ವರ್ಷದ ಮಕ್ಕಳಿಗೆ ಜ್ವರದಲ್ಲಿ ಫಿಟ್ಸ್ ಬರುವುದು ಅಪರೂಪವಲ್ಲ, ಹೆಚ್ಚಿನವರಿಗೆ ಅದರಿಂದ ಮುಂದೆ ತೊಂದರೆ ಆಗುವುದಿಲ್ಲ. ತಮ್ಮ ಈಗ ಆರೋಗ್ಯವಾಗಿದ್ದಾರೆ. ಎಲ್ಲದಕ್ಕೂ ಅಜ್ಜಿಯೇ ಕಾರಣ ಎಂದು ಮನೆಯವರು ಒಪ್ಪಿ ಕೂತರು. ನಾನು ಒಪ್ಪಲಿಲ್ಲ. "ದೇವರು ಕಣ್ಣು ಕೀಳ್ತಾನೆ" ಎಂದು ಕೇಳಿಸಿಕೊಂಡು ಬೆಳೆದ ಲಕ್ಷಾಂತರ ಮಕ್ಕಳಿಗೆ ಗೀಳು ಬಂದಿಲ್ಲ. ಇದರಲ್ಲಿ ಹುಟ್ಟಿನಿಂದ ಬಂದ ಒಲವು, ಮೆದುಳಿನ ಕೆಲಸ ಎರಡೂ ಇವೆ. ಮೊಮ್ಮಗನ ಕೈಕಾಲು ಸೆಟೆದುಕೊಂಡದ್ದನ್ನು ಕಂಡು ಹೆದರಿದ ಮುದುಕಿ ಆ ಗಳಿಗೆಯಲ್ಲಿ ಒಂದು ಕಾರಣ ಹುಡುಕಿದರು, ಅಷ್ಟೇ. ತಪ್ಪು ಹೊರಿಸಲು ಜನ ಸಿಕ್ಕ ಮಾತ್ರಕ್ಕೆ ಗೀಳು ಇಳಿಯುವುದಿಲ್ಲ. ಆದರೆ ಇವತ್ತಿನ ಮಕ್ಕಳಿಗೆ ಹಾಗೆ ಹೇಳುವುದನ್ನು ದಯವಿಟ್ಟು ನಿಲ್ಲಿಸಿ. "ನೈವೇದ್ಯ ಆಗಲಿ, ಆಮೇಲೆ ನಿನಗೇ ಮೊದಲು" ಎಂದರೂ ಮಗು ಕಾಯುತ್ತದೆ.

ನೆಂಟರು, ಅಕ್ಕಪಕ್ಕದವರು ಕೊಡುವ ಸಲಹೆ ಒಂದೇ: ಇನ್ನೊಂದು ಹರಕೆ ಹೊತ್ತುಕೊ, ಇನ್ನೊಂದು ಕ್ಷೇತ್ರಕ್ಕೆ ಹೋಗಿ ಬಾ. ಕರುಣೆಯಿಂದಲೇ ಹೇಳುತ್ತಾರೆ. ಗೀಳು ಇರುವವರಿಗೆ ಆ ಹರಕೆ ಎಲ್ಲಿಗೂ ಮುಗಿಯುವುದಿಲ್ಲ ಎಂಬುದು ಹೇಳುವವರಿಗೆ ಗೊತ್ತಿರುವುದಿಲ್ಲ.

ಯೇಲ್–ಬ್ರೌನ್ ಮಾಪಕದಲ್ಲಿ ಇವರ ಅಂಕ 27ರಿಂದ 12ಕ್ಕೆ ಇಳಿದಿದೆ, ಪೂಜೆ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಕೆಟ್ಟ ಮಾತು ಈಗಲೂ ಬರುತ್ತದೆ. ಶ್ರಾವಣದಲ್ಲಿ, ನವರಾತ್ರಿಯಲ್ಲಿ ಜೋರಾಗುತ್ತದೆ. ಅದಕ್ಕೇ ಹಬ್ಬಕ್ಕೆ ಹದಿನೈದು ದಿನ ಮುಂಚೆ ಒಂದು ಭೇಟಿ ಇಟ್ಟುಕೊಂಡು ಮೇಲಿನ ಎರಡು ಮೆಟ್ಟಿಲುಗಳನ್ನು ಮತ್ತೆ ಅಭ್ಯಾಸ ಮಾಡಿಸುತ್ತೇನೆ. ನಿಮ್ಮ ಮನೆಯಲ್ಲಿ ಇಂಥವರಿದ್ದು, ಪ್ರಾಯಶ್ಚಿತ್ತವೆಂದು ಊಟ ಬಿಟ್ಟಿದ್ದರೆ, ಬದುಕಬಾರದು ಎಂಬ ಮಾತು ಆಡುತ್ತಿದ್ದರೆ, ಕೆಟ್ಟ ಮಾತು ತಮ್ಮ ಯೋಚನೆಯಲ್ಲ, ಹೊರಗಿನ ದನಿಯಾಗಿ ಕಿವಿಗೆ ಕೇಳಿಸುತ್ತದೆ ಎನ್ನುತ್ತಿದ್ದರೆ, ಮೆಟ್ಟಿಲು ಅಭ್ಯಾಸಕ್ಕೆ ಕೈ ಹಾಕದೆ ಅಂದೇ ಮನೋವೈದ್ಯರ ಬಳಿ ಕರೆದೊಯ್ಯಿರಿ. ಹತ್ತಿರದಲ್ಲಿ ಯಾರೂ ಇಲ್ಲದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.