ಜೆ-ಲಿಂಕ್ ಪ್ರೊ ನೇರ ಕೇಬಲ್‌ನಲ್ಲಿ ಸಿಗದಿದ್ದರೆ

ನಮಸ್ಕಾರ. ಜೆ-ಲಿಂಕ್ ಪ್ರೊ (ಮೈಕ್ರೋಕಂಟ್ರೋಲರ್‌ ಪ್ರೋಗ್ರಾಮಿನ ದೋಷ ಹುಡುಕಲು ಬಳಸುವ ಉಪಕರಣ) ಯುಎಸ್‌ಬಿಯಲ್ಲಿ ಚೆನ್ನಾಗಿ ನಡೆಯುತ್ತದೆ, ಈಥರ್ನೆಟ್ ಕೇಬಲ್ಲನ್ನು ನೇರವಾಗಿ ಲ್ಯಾಪ್‌ಟಾಪಿಗೆ ಚುಚ್ಚಿದರೆ ಮಾತ್ರ ಕಾಣಿಸುವುದಿಲ್ಲ ಎಂದು ಕೇಳಿದ್ದೀರಿ. ಉಪಕರಣ ಕೆಟ್ಟಿರುವ ಸಾಧ್ಯತೆ ಕಡಿಮೆ. ಅದು ತನ್ನ ಐಪಿ ವಿಳಾಸವನ್ನು ಡಿಎಚ್‌ಸಿಪಿಯಿಂದ (ವಿಳಾಸಗಳನ್ನು ತಾನಾಗಿ ಹಂಚುವ ವ್ಯವಸ್ಥೆ, ಸಾಮಾನ್ಯವಾಗಿ ರೂಟರ್‌ನಲ್ಲಿರುತ್ತದೆ) ಬೇಡುತ್ತದೆ. ನಡುವೆ ರೂಟರ್ ಇಲ್ಲದಿದ್ದರೆ ಕೊಡುವವರು ಯಾರು?

ಮತ್ತೆ ಯುಎಸ್‌ಬಿಗೆ ಜೋಡಿಸಿ ಜೆ-ಲಿಂಕ್ ಕಾನ್ಫಿಗರೇಟರ್ (ಉಪಕರಣದ ಸೆಟ್ಟಿಂಗ್ ಬದಲಿಸುವ ತಂತ್ರಾಂಶ) ತೆರೆಯಿರಿ. ಸ್ವಯಂಚಾಲಿತ ವಿಳಾಸದ ಬದಲು ಸ್ಥಿರ ವಿಳಾಸ ಆರಿಸಿ: 192.168.50.20, ಸಬ್‌ನೆಟ್ ಮಾಸ್ಕ್ 255.255.255.0. ಲ್ಯಾಪ್‌ಟಾಪಿನ ಈಥರ್ನೆಟ್‌ಗೆ 192.168.50.1, ಅದೇ ಮಾಸ್ಕ್. ಗೇಟ್‌ವೇ ಖಾಲಿ ಬಿಡಿ. ನಿಮ್ಮ ವೈಫೈ ಕೂಡ 192.168.50 ಎಂದೇ ಶುರುವಾಗುತ್ತಿದ್ದರೆ ಎರಡೂ ಕಡೆ 50ರ ಬದಲು ಬೇರೆ ಸಂಖ್ಯೆ ಹಿಡಿಯಿರಿ. ಇಲ್ಲವಾದರೆ ಪ್ಯಾಕೆಟ್‌ಗಳು ವೈಫೈ ಕಡೆಗೆ ಹೊರಟು ಹೋಗಬಹುದು, ನೀವು ಕೇಬಲ್ಲನ್ನು ಬೈಯುತ್ತಾ ಕೂರುತ್ತೀರಿ.

ಈಥರ್ನೆಟ್ ಕೇಬಲ್ ಚುಚ್ಚಿ, ಮೊದಲು ಲ್ಯಾಪ್‌ಟಾಪಿನಿಂದ 192.168.50.20ಕ್ಕೆ ಪಿಂಗ್ ಮಾಡಿ (ಆ ವಿಳಾಸದಿಂದ ಉತ್ತರ ಬರುತ್ತದೆಯೇ ಎಂದು ನೋಡುವ ಆಜ್ಞೆ). ಉತ್ತರ ಬಂದರೆ ಅರ್ಧ ಕೆಲಸ ಮುಗಿಯಿತು. ಆಮೇಲೂ ಡಿಬಗರ್ (ಲ್ಯಾಪ್‌ಟಾಪಿನಲ್ಲಿ ದೋಷ ಹುಡುಕುವ ತಂತ್ರಾಂಶ) ಹಟ ಹಿಡಿದರೆ ಫೈರ್‌ವಾಲ್‌ನಲ್ಲಿ ಟಿಸಿಪಿ 19020 ಪೋರ್ಟ್ ತಡೆದಿದೆಯೇ ನೋಡಿ. ಡಿಬಗರ್‌ನ ಸೆಟ್ಟಿಂಗ್‌ನಲ್ಲಿ ಯುಎಸ್‌ಬಿ ಬದಲು ಟಿಸಿಪಿ/ಐಪಿ ಆರಿಸಿ, ವಿಳಾಸವನ್ನು ಕೈಯಾರೆ ಬರೆಯಿರಿ. ತಾನಾಗಿ ಹುಡುಕುವ ಸೌಲಭ್ಯ ಬ್ರಾಡ್‌ಕಾಸ್ಟ್ (ಜಾಲದ ಎಲ್ಲರಿಗೂ ಒಟ್ಟಿಗೆ ಕಳಿಸುವ ಸಂದೇಶ) ನೆಚ್ಚಿಕೊಂಡಿದೆ, ಬೇರೆ ಸಬ್‌ನೆಟ್‌ಗೆ ದಾಟುವುದಿಲ್ಲ; ನನಗಂತೂ ಅದರ ಮೇಲೆ ನಂಬಿಕೆಯಿಲ್ಲ.

ಇನ್ನೊಂದು ಮಾತು: ಸಾಮಾನ್ಯ ಈಥರ್ನೆಟ್ ಕೇಬಲ್ ವಿದ್ಯುತ್ ಕೊಡುವುದಿಲ್ಲ, ಆದ್ದರಿಂದ ಯುಎಸ್‌ಬಿ ತಂತಿಯನ್ನು ಕಿತ್ತ ಮೇಲೆ ಯಾವುದಾದರೂ ಯುಎಸ್‌ಬಿ ಅಡಾಪ್ಟರಿಗೆ ಸಿಕ್ಕಿಸಿ. ದೀಪವೇ ಹತ್ತದಿದ್ದರೆ ಐಪಿ ತಿದ್ದಿ ಫಲವಿಲ್ಲ. ಪಿಂಗ್‌ಗೆ ಏನು ಉತ್ತರ ಬಂತು ಎಂದು ಇಲ್ಲೇ ತಿಳಿಸಿ.